ಹೈದರ್‌ಗುಡದ ಸೂಗಪ್ಪ ಹೊರಡಿಸಿದ ವಿಪ್

ಹಾಲಿನವನ ಸೈಕಲ್ ಗಂಟೆ ಬಿಟ್ಟರೆ ತೆಲುಗು ನಾಡಿನ ರಾಜಧಾನಿಯ ಹೈದರ್‌ಗುಡದಲ್ಲಿ ಇನ್ನೂ ಸದ್ದಿಲ್ಲ. ಶಾಸಕರ ವಸತಿಗೃಹದ ಹೊರಗೋಡೆಗೊಂದು ಮೊಳೆ, ಮೊಳೆಗೊಂದು ಕನ್ನಡಿ, ಕನ್ನಡಿಯೆದುರು ಕಟ್ಟಿಗೆಯ ಕುರ್ಚಿ. ಸೂಗಪ್ಪನವರ ಕ್ಷೌರದಂಗಡಿ ಇಷ್ಟೇ. ಸದನದಲ್ಲಿ ಸಭಾಧ್ಯಕ್ಷರು ಗಂಟೆ ಬಾರಿಸಿದರೂ ಬಾಯಿ ಮುಚ್ಚದವರು ಇಲ್ಲಿ ಸುಮ್ಮನೆ ಗಲ್ಲ ಒಡ್ಡುತ್ತಾರೆ. ಕುತ್ತಿಗೆಯ ಮೇಲೆ ಕತ್ತಿ ಆಡುವಾಗ ಎಲ್ಲ ಪಕ್ಷದವರೂ ಶಿಸ್ತಿನ ಸಿಪಾಯಿಗಳೇ.

ಬೀದರ್ ಕಡೆಯ ಸೂಗಪ್ಪ ಗಿರಾಕಿಗಳೊಂದಿಗೆ ತೆಲುಗು, ಉರ್ದು ಆಡುತ್ತಾರೆ. ಅವರವರ ದನಿಯಲ್ಲೇ ಅವರವರ ಭಾಷಣ ಮಾಡಿ ನಗಿಸುತ್ತಾರೆ. ಗಡಿಭಾಗದ ಶಾಸಕ ವೀರಭದ್ರಪ್ಪ ಕೂತರೆ ಮಾತ್ರ ಕನ್ನಡ.

ಹೋದ ವಾರ ಅವರು ಕೂತಾಗ ಸೂಗಪ್ಪನವರಿಗೆ ನಗು ಬರಲಿಲ್ಲ. ಸರ್ಕಾರಿ ಕಟ್ಟಡಗಳ ಸುತ್ತಲಿನ ಫುಟ್‌ಪಾತ್ ಅಂಗಡಿಗಳನ್ನು ಎತ್ತಿಸುವ ಮಸೂದೆ ಮರುದಿನ ಮತಕ್ಕೆ ಬರುವುದಿತ್ತು. ಪಕ್ಷಾಂತರ ನಿಷೇಧ ಕಾನೂನು ಬಂದು ವರ್ಷವೂ ತುಂಬಿಲ್ಲ. ಹೀಗೇ ಮತ ಹಾಕಬೇಕೆಂಬ ಪಕ್ಷದ ಅಪ್ಪಣೆ, ಅದೇ ವಿಪ್, ಅಂದರೆ ಶಾಸಕರಿಗೆ ಚಳಿಜ್ವರ.

"ಸಾಹೇಬರ, ನಾಳೆ ಕೈ ಎತ್ತತೀರೇನ್ರಿ?"

"ಎತ್ತಬೇಕೋ ಮಾರಾಯ. ಇಲ್ಲಂದ್ರ ನನ್ನ ಕುರ್ಚಿ ಹೋಗತೈತಿ."

"ಎತ್ತಿದ್ರ ನಂದು ಹೋಗತೈತ್ರಿ."

"ನನ್ನ ಕೈಯಾಗ ಏನೈತಿ ಸೂಗಪ್ಪಾ? ಪಾರ್ಟಿ ಹೇಳಿದಂಗ."

ಸೂಗಪ್ಪ ಎಡಗಲ್ಲ ನುಣ್ಣಗೆ ಮಾಡಿ, ಬಲಗಲ್ಲದ ನೊರೆ ಒರೆಸಿ, ಕತ್ತಿ ಮಡಚಿಟ್ಟರು.

"ಈ ಗಲ್ಲಾ?" ಶಾಸಕರು ಬಲಗಡೆ ಬೆರಳು ತೋರಿಸಿದರು.

ಸೂಗಪ್ಪ ಥೇಟ್ ವೀರಭದ್ರಪ್ಪನವರ ವೇದಿಕೆಯ ದನಿ ತೆಗೆದರು: "ನನ್ನ ಕೈಯಾಗ ಏನೈತಿ? ಆ ಗಲ್ಲಕ್ಕ ಪಾರ್ಟಿ ಇನ್ನಾ ಹೇಳಿಲ್ಲ."

ಸರದಿಗೆ ನಿಂತವರು ಕಿಸಕ್ಕೆಂದರು. ಶಾಸಕರು ಟವೆಲ್ ಎಸೆದು ಅರ್ಧ ಗಡ್ಡದಲ್ಲೇ ನಡೆದುಬಿಟ್ಟರು. "ಗಿರಾಕೀನೂ ಹೋದ್ರು, ಜಾಗಾನೂ ಹೋತು ಅನಕೊಂಡೆ. ಭಾಳ ಅಂಜಿದ್ದೆ ಬಿಡ್ರಿ," ಎನ್ನುತ್ತಾರೆ ಸೂಗಪ್ಪ.

ಅಂದೇ ಬೆಳಗ್ಗೆ ಅವರ ಆಳುವ ಪಕ್ಷದ ಶಾಸಕರ ಸಭೆ. ಮತ ಎಣಿಸುವುದು ಸದನದಲ್ಲಿ, ಮತ ಹುಟ್ಟುವುದು ಇಂಥ ಕೋಣೆಗಳಲ್ಲಿ. ವೀರಭದ್ರಪ್ಪ ಅದೇ ಮುಖ ಹೊತ್ತು ಎದ್ದು ನಿಂತು, ಬಲಗಲ್ಲದ ಕಥೆ ಹೇಳಿದರು. ಸಭೆ ನಕ್ಕಿತು. ನಕ್ಕು ಮುಗಿದ ಮೇಲೆ ಒಬ್ಬರಿಗೆ ತಮ್ಮ ಚಹಾ ಬಂಡಿಯವನು, ಇನ್ನೊಬ್ಬರಿಗೆ ಇಸ್ತ್ರಿಯವಳು ನೆನಪಾದರು. ಬೇರೆ ಜಾಗ ಕೊಡದೆ ಯಾರನ್ನೂ ಎಬ್ಬಿಸಬಾರದೆಂಬ ಮಾತು ಮಸೂದೆಗೆ ಸೇರಿತು. ಮರುದಿನ ಎಲ್ಲರೂ ವಿಪ್ ಪ್ರಕಾರವೇ ಕೈ ಎತ್ತಿದರು.

ಅದಕ್ಕೂ ಮೊದಲೇ, ಪಕ್ಷದ ಸಭೆ ಮುಗಿಸಿ ವೀರಭದ್ರಪ್ಪ ನೇರ ಬಂದದ್ದು ಈ ಕುರ್ಚಿಗೆ.

"ತಗಿಯೋ ಇದನ್ನ," ಎಂದು ಬಲಗಲ್ಲ ಒಡ್ಡಿದರು.

"ಪಾರ್ಟಿ ಹೇಳೇತೇನ್ರಿ?"

"ಸುಡುಗಾಡ ಪಾರ್ಟಿ, ನಾ ಹೇಳಾಕತ್ತೀನಿ," ಎಂದ ಶಾಸಕರು ಕುರ್ಚಿ ಅಲುಗುವಂತೆ ನಕ್ಕರು. ಸೂಗಪ್ಪ ಕತ್ತಿಯನ್ನು ಮೇಲೆತ್ತಿ ಹಿಡಿದು, ಆ ನಗು ನಿಲ್ಲುವುದನ್ನೇ ಕಾಯುತ್ತ ನಿಂತರು.