ಏಳು ದಾರಿಗಳ ಗೂಟದಮ್ಮ

ನನ್ನ ಹುದ್ದೆಯ ಹೆಸರು ಸುಸ್ಥಿರ ಪ್ರವಾಸೋದ್ಯಮ ಯೋಜನಾ ಸಹಾಯಕ. ಗುರುತಿನ ಚೀಟಿಯಲ್ಲಿ ಅಷ್ಟುದ್ದ ಹಿಡಿಸದೆ 'ಸುಸ್ಥಿರ ಪ್ರವಾ' ಎಂಬಲ್ಲಿಗೆ ನಿಂತುಹೋಗಿದೆ. ಕೆಲಸ ಹನ್ನೊಂದು ತಿಂಗಳ ಗುತ್ತಿಗೆಯದು. ಸುಸ್ಥಿರತೆಯೇನಿದ್ದರೂ ಬೆಟ್ಟಕ್ಕೆ, ನನಗಲ್ಲ.

ಬಸ್ ನಿಲ್ದಾಣದ ಮೇಲಿನ ಮಹಡಿಯಲ್ಲಿ ನಮ್ಮ ಕಚೇರಿ. ಕಿಟಕಿ ತೆರೆದರೆ ಹೋಟೆಲುಗಳ ಹಿತ್ತಿಲು, ಅದರಾಚೆಗೆ ಬೆಟ್ಟ. ಮುಂದಿನ ಹತ್ತು ವರ್ಷ ಆ ಬೆಟ್ಟಕ್ಕೆ ಎಷ್ಟು ಜನ ಬರಬಹುದು, ಎಲ್ಲಿ ನಡೆಯಬಹುದು, ಎಲ್ಲಿ ಕಾಲಿಡಬಾರದು ಎಂಬುದನ್ನೆಲ್ಲ ನಾವು ಬರೆದು ಕೊಡಬೇಕಿತ್ತು. ನಾನು ಆ ಬೆಟ್ಟವನ್ನು ಒಮ್ಮೆಯೂ ಹತ್ತಿರಲಿಲ್ಲ. ಹತ್ತುವ ಅಗತ್ಯವೂ ಕಂಡಿರಲಿಲ್ಲ, ಏಕೆಂದರೆ ನನ್ನ ಹತ್ತಿರ ಅದರ ಫೋಟೋ ಇತ್ತು.

ಫೋಟೋ ಆಕಾಶದಿಂದ ತೆಗೆದದ್ದು. ಪ್ರವಾಸಿಗರನ್ನು ಕುದುರೆಯ ಮೇಲೆ ತುದಿಗೆ ಕರೆದೊಯ್ಯುವವರ ಲಾಯದಿಂದ ಮೇಲಿನವರೆಗೆ, ಬೆಟ್ಟದ ಬೆನ್ನನ್ನು ಯಾರೋ ಉಗುರಿನಲ್ಲಿ ಪರಚಿದ ಹಾಗೆ ಏಳು ಕಂದು ಗೆರೆಗಳು. ಏಳಕ್ಕೂ ಕೆಂಪು ಬಣ್ಣ ಬಳಿದು ನಾನು ಬರೆದೆ: 'ಕುದುರೆಯವರ ಶಿಸ್ತಿಲ್ಲದ ಓಡಾಟದಿಂದ ಆರು ಅನಧಿಕೃತ ದಾರಿಗಳು ಉಂಟಾಗಿ ಮಣ್ಣು ಕೊಚ್ಚಿಹೋಗುತ್ತಿದೆ.' ವಾಕ್ಯ ಎಷ್ಟು ಚೆನ್ನಾಗಿ ಕೂತಿತ್ತೆಂದರೆ ನನಗೆ ನಾನೇ ಎರಡು ಸಲ ಓದಿ ಹೇಳಿಕೊಂಡೆ. ಪರಿಹಾರವೂ ಸಿದ್ಧವಿತ್ತು. ಒಂದು ದಾರಿಗೆ ಕಲ್ಲುಹಾಸು, ಉಳಿದ ಆರಕ್ಕೆ ತಂತಿಬೇಲಿ, ಇಪ್ಪತ್ತೆರಡು ಕುದುರೆಗಳಲ್ಲಿ ಹತ್ತಕ್ಕೆ ಮಾತ್ರ ಪರವಾನಗಿ.

ಯಾರ ಪರವಾನಗಿ ರದ್ದಾಗಬೇಕು? ದಾರಿ ಮಾಡಿದವರದ್ದು ಮೊದಲು, ಅಷ್ಟೇ ತಾನೆ. ಲಾಯಕ್ಕೆ ಫೋನ್ ಮಾಡಿ ವಿಚಾರಿಸಿದೆ. "ಯಾವ ದಾರಿ ತೆಗೆಯೋದು, ಯಾವ್ದು ಮುಚ್ಚೋದು, ಎಲ್ಲಾ ಗೂಟದಮ್ಮಂದೇ ಸಾರ್" ಅಂದರು. ನಾನು ತೆಗೆಯುವುದನ್ನು ಬರೆದುಕೊಂಡೆ, ಮುಚ್ಚುವುದನ್ನು ಬಿಟ್ಟೆ. ರದ್ದಾಗುವವರ ಪಟ್ಟಿಯಲ್ಲಿ ಮೊದಲ ಮೂರು ಕುದುರೆಗಳು ಅವಳವೇ ಆದವು.

ಗುರುವಾರ ವರದಿ ಒಪ್ಪಿಸುವ ಸಭೆ. ಮಂಗಳವಾರ ನಮ್ಮ ಮೇಡಂ ವರದಿ ತಿರುವಿ ಹಾಕಿ, "ಅನುಬಂಧಕ್ಕೆ ಒಂದೊಂದು ದಾರಿದೂ ಫೋಟೋ ಬೇಕಲ್ರೀ" ಅಂದರು.

"ಮೇಲಿಂದ ತೆಗೆದದ್ದು ಇದೆಯಲ್ಲ ಮೇಡಂ."

"ನೆಲದ ಮೇಲೆ ನಿಂತು ತೆಗೆದದ್ದು. ನಾಳೆ ಹೋಗ್ಬನ್ನಿ. ಕಾಲು ಸವೆಯಲ್ಲ."

ಲಾಯವೆಂದರೆ ತಗಡಿನ ಮಾಡು, ಸಿಮೆಂಟಿನ ನೀರು ತೊಟ್ಟಿ, ಗೋಡೆಯುದ್ದಕ್ಕೂ ಮೊಳೆಗೆ ನೇತುಹಾಕಿದ ಜೀನುಗಳು. ಹೆಂಗಸೊಬ್ಬಳು ಬಗ್ಗಿ, ಕುದುರೆಯ ಹಿಂಗಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಕಬ್ಬಿಣದ ಕೊಕ್ಕೆಯಿಂದ ಗೊರಸಿನ ಸಂದಿಯ ಕಲ್ಲು ತೆಗೆಯುತ್ತಿದ್ದಳು. ಐವತ್ತೈದು ದಾಟಿದ ವಯಸ್ಸು, ಗಂಡಸರ ಶರ್ಟು, ಮೊಣಕಾಲವರೆಗಿನ ರಬ್ಬರ್ ಬೂಟು. ನಾನು ಕಚೇರಿಯ ಹೆಸರು ಹೇಳಿದೆ, ದಾರಿಗಳನ್ನು ನೋಡಬೇಕು ಅಂದೆ. ಪಟ್ಟಿಯ ವಿಷಯ ಹೇಳಲಿಲ್ಲ.

"ಕುದುರೆ ಬೇಕಾ ಸಾರ್, ನಡೀತೀರಾ?"

"ನಡೀತೀನಿ."

ಅವಳು ನನ್ನ ಶೂ ನೋಡಿದಳು. "ಆ ಶೂಗೆ ಕುದುರೇನೇ ಬೇಕು."

ನಾನು ಹತ್ತಿ ಕೂತದ್ದನ್ನು ನೋಡಿ ಪಕ್ಕದ ಬಿಳಿ ಕುದುರೆಯವನು ಹೇಳಿದ: "ಗೂಟದ ಕಾರಲ್ಲಿ ಬರೋ ಆಫೀಸರನ್ನ ನೋಡಿದ್ವಿ. ಗೂಟದಮ್ಮನ ಕುದುರೆ ಮೇಲೆ ಆಫೀಸರನ್ನ ಇವತ್ತೇ ನೋಡ್ತಿರೋದು."

"ಆಫೀಸರೆಲ್ಲಿ ಬಂತು, ಕೂತಿರೋ ಚಂದ ನೋಡು. ಹಾಸಿಗೆ ಸುರುಳಿ ಕಟ್ಟಿದ ಹಾಗಿದೆ" ಅಂದಳು ಅವಳು, ಲಗಾಮು ಹಿಡಿದು ನಡೆಯುತ್ತ.

ದಾರಿಯಲ್ಲಿ ಅವಳ ಕಥೆ ಚೂರುಚೂರಾಗಿ ಬಂತು. ಒಂಬತ್ತನೇ ವಯಸ್ಸಿಗೆ ಅಪ್ಪನ ಕುದುರೆಗಳ ಜೊತೆ ಈ ಬೆಟ್ಟ ಹತ್ತಲು ಶುರು ಮಾಡಿದವಳು, ಹೆರಿಗೆಯ ಎರಡು ತಿಂಗಳು ಬಿಟ್ಟರೆ ಹತ್ತುವುದನ್ನು ನಿಲ್ಲಿಸಿಲ್ಲ. ಗಂಡ ಜೀನು ಹೊಲಿಯುವವನು. "ಮದುವೆಯಾಗಿ ಮೂವತ್ನಾಲ್ಕು ವರ್ಷ. ಇನ್ನೂ ಕುದುರೆ ಹಿಂದೆ ಹಾಯೋಕೆ ಹೆದರ್ತಾನೆ. ನನ್ನ ಮುಂದೆನೂ ಹಾಯಲ್ಲ ಬಿಡಿ" ಅಂದಳು. ಮಗಳಿಗೆ ಹೋಟೆಲೊಂದರ ಸ್ವಾಗತ ಮೇಜಿನಲ್ಲಿ ಕೆಲಸ. ಅಮ್ಮನ ಬೂಟು ಮನೆಯೊಳಗೆ ಬರಕೂಡದೆಂದು ಅವಳ ಆಜ್ಞೆ. ಉಳಿದಂತೆ ಮೂರು ಕುದುರೆಗಳು, ಒಂದು ಕಪ್ಪು, ಒಂದು ಕಂದು, ಒಂದು ಬೂದು. ಮನೆ ನಡೆಯುವುದೇ ಅವುಗಳಿಂದ.

ಅರ್ಧ ಬೆಟ್ಟದಲ್ಲಿ ದಾರಿ ಕವಲೊಡೆಯಿತು. ಒಂದು ಕವಲಿಗೆ ಅಡ್ಡಲಾಗಿ ಮರದ ಗೂಟಗಳನ್ನು ಸಾಲಾಗಿ ಹೊಡೆದು, ನಡುವೆ ಮುಳ್ಳಿನ ಪೊದೆ ತುಂಬಿಸಿದ್ದರು. ಆಚೆಗೆ ಮೊಣಕಾಲೆತ್ತರ ಹುಲ್ಲು.

"ಇಲ್ಲಿ ದಾರಿ ಇತ್ತಲ್ಲ?" ನಾನು ನಕ್ಷೆ ತಿರುಗಿಸಿ ನೋಡಿದೆ.

"ಇದೆ. ಮಲಗಿದೆ."

ನನಗೆ ಅರ್ಥವಾಗಲಿಲ್ಲವೆಂದು ಅವಳಿಗೆ ಅರ್ಥವಾಯಿತು. ಅವಳ ಅಪ್ಪನ ಕಾಲದಲ್ಲಿ ಇದ್ದದ್ದು ಒಂದೇ ದಾರಿಯಂತೆ. ಗೊರಸು ಬಿದ್ದು ಬಿದ್ದು ಅದು ಎದೆಮಟ್ಟದ ಕಾಲುವೆಯಾಗಿ, ಮಳೆ ನೀರೆಲ್ಲ ಅದರಲ್ಲೇ ಇಳಿದು, ಒಂದು ದಿನ ಬದಿ ಕುಸಿದು ಎರಡು ಕುದುರೆ ಸತ್ತವು. ಜೊತೆಗಿದ್ದ ಚಿಕ್ಕಪ್ಪನಿಗೆ ಜೀವ ಉಳಿಯಿತು, ಕಾಲು ಉಳಿಯಲಿಲ್ಲ. ಆಮೇಲೆ ಅಪ್ಪ ದಾರಿ ಬದಲಿಸುವುದನ್ನು ಶುರು ಮಾಡಿದ. ಒಂದು ದಾರಿ ಎರಡು ವರ್ಷ ದುಡಿದರೆ ಐದು ವರ್ಷ ಮಲಗಬೇಕು. ಹೀಗೆ ಏಳು, ಒಂದು ಸಲಕ್ಕೆ ತೆರೆದಿರುವುದು ಎರಡೇ. ಮುಚ್ಚುವುದೂ ತೆಗೆಯುವುದೂ ಈಗ ಅವಳ ಕೈಲಿ.

"ಯಾವಾಗ ತೆಗೀಬೇಕು ಅಂತ ಹೆಂಗೆ ಗೊತ್ತಾಗುತ್ತೆ?"

ಅವಳು ಗೂಟ ದಾಟಿ ಹೋಗಿ, ಹುಲ್ಲು ಸರಿಸಿ, ಸೊಂಟದ ಬಾಟಲಿಯಿಂದ ನೆಲಕ್ಕೆ ನೀರು ಹೊಯ್ದಳು. "ಎಣಿಸಿ" ಅಂದಳು. ಹನ್ನೊಂದಕ್ಕೆ ನೀರು ಮಾಯವಾಯಿತು. "ಇಪ್ಪತ್ತರೊಳಗೆ ಇಂಗಿದ್ರೆ ಮಣ್ಣಿಗೆ ಉಸಿರು ಬಂದಿದೆ ಅಂತ. ನಿಂತ್ರೆ, ಹರಿದ್ರೆ, ಇನ್ನೂ ಮುಟ್ಬಾರ್ದು."

ನನ್ನ ಫೋಟೋ ತೆಗೆದದ್ದು ಕಡು ಬೇಸಿಗೆಯಲ್ಲಿ. ಒಣಗಿದ ಎಳೆಹುಲ್ಲಿಗೂ ಬರಿಮಣ್ಣಿಗೂ ಆಕಾಶದಿಂದ ಒಂದೇ ಬಣ್ಣ. ಮಲಗಿದ ದಾರಿಗಳಿಗೂ ನಾನು ಕೆಂಪು ಬಳಿದಿದ್ದೆ.

ತುದಿಗೆ ಹೋಗುವ ತನಕ ತಡೆದುಕೊಂಡೆ. ಇಳಿಯಲು ಅವಳು ಕೈ ಕೊಟ್ಟಾಗ ಎಲ್ಲ ಹೇಳಿಬಿಟ್ಟೆ. ಏಳು ಕೆಂಪು ಗೆರೆ, ಅನಧಿಕೃತ, ಕಲ್ಲುಹಾಸು, ಪಟ್ಟಿಯ ಮೊದಲ ಮೂರು ಕುದುರೆ.

ಅವಳು ಕೂಗಾಡಲಿಲ್ಲ. ಜೀನಿನ ಪಟ್ಟಿ ಬಿಗಿ ಮಾಡಿದಳು, ಮತ್ತೆ ಸಡಿಲ ಮಾಡಿದಳು.

"ಮೂರೂ?"

"ಮೂರೂ."

"ಕಲ್ಲಿನ ಮೇಲೆ ಲಾಳ ಜಾರುತ್ತೆ ಅಂತಾದ್ರೂ ಬರ್ದಿದೀಯಾ?" ಸಾರ್ ಹೋಗಿ ನೀನಾಗಿದ್ದೆ.

"ಇಲ್ಲಮ್ಮ."

"ಎಷ್ಟು ಓದಿದೀಯಪ್ಪಾ ನೀನು?"

ನಾನು ಹೇಳಿದೆ. "ಅಷ್ಟೊಂದಾ" ಅಂದಳು. ಅಣಕಿಸಿದ್ದಲ್ಲ, ನಿಜವಾಗಿಯೂ ಮರುಗಿದ ಹಾಗಿತ್ತು. ಇಳಿಯುವಾಗ ನಾನು ನಡೆದೇ ಬಂದೆ, ಎರಡು ಸಲ ಜಾರಿ ಬಿದ್ದೆ.

ಕಚೇರಿಗೆ ಬಂದರೆ ಅನುಬಂಧ ಬಿಟ್ಟು ವರದಿಯ ಮೂವತ್ತು ಪ್ರತಿ ಮುದ್ರಣವಾಗಿ, ಸುರುಳಿ ತಂತಿ ಹಾಕಿ ಮೇಜಿನ ಮೇಲೆ ಕೂತಿದ್ದವು. ಮೇಡಂಗೆ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದರು.

"ಈಗ ಹೇಳ್ತಿದೀರಾ?"

"ಈಗ ನೋಡಿದೆ ಮೇಡಂ."

"ನಾಳೆ ಆ ಪುಟ ಬಂದಾಗ ನೀವೇ ಎದ್ದು ನಿಂತು ಹೇಳಿ. ನಾನು ಅಡ್ಡ ಬರಲ್ಲ, ಅಡ್ಡ ನಿಂತು ಕಾಪಾಡೋದೂ ಇಲ್ಲ." ಆಮೇಲೆ ಸ್ವಲ್ಪ ಯೋಚಿಸಿ, "ಆ ಹೆಂಗಸನ್ನೂ ಕರೀರಿ" ಅಂದರು.

ಸಭೆ ಪುರಭವನದಲ್ಲಿ. ಮುಂದಿನ ಸಾಲಿನಲ್ಲಿ ಹೋಟೆಲಿನವರು, ಹಿಂದೆ ಗೂಟದಮ್ಮನೂ ಸೇರಿ ಕುದುರೆಯ ಒಂಬತ್ತು ಮಾಲೀಕರು. ಹೋಟೆಲಿನವರಿಗೆ ಕಲ್ಲುಹಾಸು ಬೇಕಿತ್ತು. ಅದರ ಮೇಲೆ ಬ್ಯಾಟರಿ ಗಾಡಿ ಓಡಿಸುವ ಲೆಕ್ಕಾಚಾರ ಅವರದು. ನಲವತ್ತೊಂದನೇ ಪುಟ ಬಂದಾಗ ಎದ್ದು ನಿಂತೆ. ಈ ಪುಟ ತಪ್ಪು, ಬರೆದವನು ನಾನು, ಬರೆಯುವಾಗ ಬೆಟ್ಟ ಹತ್ತಿರಲಿಲ್ಲ ಅಂದೆ. ಕೊನೆಯದನ್ನು ಹೇಳುವ ಅಗತ್ಯ ಇರಲಿಲ್ಲ, ಬಾಯಿಂದ ಬಂದುಬಿಟ್ಟಿತು. ಮುಂದಿನ ಸಾಲಿನಲ್ಲಿ ಒಬ್ಬರು ಜೋರಾಗಿ ನಕ್ಕರು. ನಾನು ಮಲಗಿದ ದಾರಿಗಳ ಫೋಟೋ ತೋರಿಸಿದೆ, ಗೂಟ, ಹುಲ್ಲು, ನೀರು ಇಂಗಿದ ಜಾಗ.

ಸಭೆಯ ಅಧ್ಯಕ್ಷರು ಹಿರಿಯರು, ಆತುರದವರಲ್ಲ. ಫೋಟೋಗಳನ್ನು ಒಂದೊಂದಾಗಿ ನೋಡಿ ಹಿಂದಿನ ಸಾಲಿನತ್ತ ಕೇಳಿದರು: "ಕಲ್ಲುಹಾಸು ಬಿಡೋಣ. ಬೇಲಿನೂ ಬಿಡೋಣ. ದಾರಿ ನೀವು ಮಾಡ್ತಿರೋ ಹಾಗೇ ನಡೀಲಿ. ಹಾಗಾದ್ರೆ ಇಪ್ಪತ್ತೆರಡು ಕುದುರೆನೂ ಇರ್ಬಹುದು, ಅಲ್ವೇನಮ್ಮ?"

ಹೌದು ಅಂದರೆ ಮುಗಿಯಿತು. ಅವಳ ಮೂರು ಕುದುರೆಯೂ ಉಳಿಯುತ್ತಿದ್ದವು. ಬಿಳಿ ಕುದುರೆಯವನು ಪಕ್ಕದಿಂದ "ಹೂಂ ಅನ್ನಕ್ಕಾ" ಎಂದು ಪಿಸುಗುಟ್ಟಿದ್ದು ನನಗೂ ಕೇಳಿಸಿತು.

ಗೂಟದಮ್ಮ ಎದ್ದು ನಿಂತಳು. ಕೈ ಎಲ್ಲಿಡಬೇಕೆಂದು ತಿಳಿಯದೆ ಮುಂದಿನ ಕುರ್ಚಿಯ ಬೆನ್ನು ಹಿಡಿದಳು.

"ಆಗಲ್ಲ ಸ್ವಾಮಿ. ಎರಡು ದಾರಿ ತಡ್ಕೊಳ್ಳೋದು ಹದಿನಾರನ್ನ. ಇಪ್ಪತ್ತೆರಡು ಆದ್ಮೇಲೆ ಹೋದ್ವರ್ಷ ಮೂರನೇದನ್ನೂ ತೆಗ್ದಿದೀವಿ. ಅದಿನ್ನೂ ಮಲಗ್ಬೇಕಿತ್ತು. ಹಿಂಗೇ ಬಿಟ್ರೆ ಮಲಗೋಕೆ ಒಂದೂ ಇರಲ್ಲ."

"ಯಾರು ಬಿಡ್ಬೇಕು ಅಂತೀಯಾ?"

"ಮೂರಿರೋರು ಒಂದೊಂದು. ಆರು ಜನ ಇದೀವಿ."

ಆರನೆಯವಳು ಅವಳೇ ಎಂಬುದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಬಿಳಿ ಕುದುರೆಯವನಿಗೂ ಮೂರಿದ್ದವು. "ನಿನ್ನನ್ನ ಯಾರು ಕೇಳಿದ್ರೇ?" ಅಂದವನು ಎದ್ದು ಹೊರಗೆ ಹೋದ. ಅವನ ಹಿಂದೆ ಇನ್ನಿಬ್ಬರು ಹೋದರು. ಅವಳು ನಿಂತೇ ಇದ್ದಳು, ಅಧ್ಯಕ್ಷರು ಕೂತ್ಕೋಮ್ಮ ಅನ್ನುವವರೆಗೂ.

ಹದಿನಾರು ಎಂದೇ ತೀರ್ಮಾನವಾಯಿತು. ಮಾಲೀಕರಲ್ಲಿ ನಾಲ್ವರು ಹತ್ತು ದಿನ ಅವಳ ಜೊತೆ ಮಾತು ಬಿಟ್ಟರು. ಲಾಯದಲ್ಲಿ ನೀರು ತೊಟ್ಟಿಯ ಹತ್ತಿರ ಅವಳು ಬಂದರೆ ಸರಿದು ನಿಲ್ಲುತ್ತಿದ್ದರು. ಮಗಳು ಮಾತ್ರ "ಹೋಗ್ಲಿ ಬಿಡಮ್ಮ, ಒಂದು ಕಡಿಮೆ ಆದ್ರೆ ನಿನ್ನ ಸೊಂಟಕ್ಕೆ ಒಳ್ಳೇದು" ಅಂದಳಂತೆ. ಅದಕ್ಕೆ ಗೂಟದಮ್ಮ ಅವಳ ಜೊತೆ ಒಂದು ದಿನ ಮಾತು ಬಿಟ್ಟಳಂತೆ.

ಹೊಸ ಪರವಾನಗಿ ಬರೆಯುವ ಕೆಲಸ ನನ್ನ ಪಾಲಿಗೇ ಬಂತು. ಅವಳು ಬೂಟು ಬಾಗಿಲ ಹೊರಗೆ ಬಿಟ್ಟು ಬಂದು ನನ್ನ ಮೇಜಿನ ಎದುರು ಕೂತಳು. ಕಪ್ಪು, ಕಂದು, ಎರಡೂ ಉಳಿಯುವುವು. ಬೂದು ಬಣ್ಣದ್ದಕ್ಕೆ ಆರು ವರ್ಷ, ಎಲ್ಲಕ್ಕಿಂತ ಚಿಕ್ಕದು, ಅದಕ್ಕೆ ಬೇರೆ ಕಡೆ ಬೇಗ ಮನೆ ಸಿಗುತ್ತದೆಂದು ಅದನ್ನೇ ಬಿಡುತ್ತೇನೆ ಅಂದಳು. ರದ್ದತಿ ಫಾರಂನಲ್ಲಿ ಕಾರಣದ ಎದುರು ನಾಲ್ಕೇ ಆಯ್ಕೆ: ಮುಪ್ಪು, ರೋಗ, ಸಾವು, ದುರ್ವರ್ತನೆ.

"ಇದರಲ್ಲಿ ಯಾವುದೂ ಅಲ್ಲವಲ್ಲಮ್ಮ" ಅಂದೆ.

"ಪಾಪ, ಅದರ ಮೇಲೆ ಸುಳ್ಳು ಬರೀಬೇಡ. ಬೆಟ್ಟದಲ್ಲಿ ಜಾಗ ಸಾಲದು ಅಂತ ಬರಿ."

ನಾಲ್ಕನ್ನೂ ಹೊಡೆದುಹಾಕಿ ಹಾಗೆಯೇ ಬರೆದೆ. ಅವಳು ಕನ್ನಡಕವಿಲ್ಲದ ಕಣ್ಣು ಕಿರಿದು ಮಾಡಿ, ಒಂದೊಂದೇ ಅಕ್ಷರ ಓದಿ, ಸಹಿ ಹಾಕಿದಳು.