ತಂಗಿಯ ದನಿ ನಿಂತ ಮೇಲೆ

ಮೊದಲು ಬಂದದ್ದು ಬೆಲ್ಲದ ವಾಸನೆ.

ಪಾಂಡವಪುರದ ಶಾಲೆಯಲ್ಲಿ ಕನ್ನಡ ಪಾಠ ಮಾಡುತ್ತಿದ್ದೆ. ಆಲೆಮನೆಗಳು ನಡೆಯುವ ಕಾಲವಲ್ಲ. ಆದರೂ ಬೆಲ್ಲ ಸೀದ ವಾಸನೆ ಮೂಗಿಗೆ ಬಡಿಯಿತು. ಹೊಟ್ಟೆಯಿಂದ ಏನೋ ಎದ್ದು ಗಂಟಲಿಗೆ ಬಂತು. ಬಲಗಿವಿಯ ಹಿಂದೆ ಯಾರೋ "ಅಕ್ಕಾ" ಅಂದರು.

ನಾಗು ದನಿ.

ನನ್ನ ತಂಗಿ ನಾಗು ಹಿಂದಿನ ವರ್ಷ ಅಕ್ಕಿಹೆಬ್ಬಾಳಿನ ಗಂಡನ ಮನೆಯಲ್ಲಿ ಹೆರಿಗೆಯಾಗಿ ತೀರಿಕೊಂಡಿದ್ದಳು. ಕೂಸೂ ಉಳಿಯಲಿಲ್ಲ. ಚಿಕ್ಕಂದಿನಿಂದ ನಾವಿಬ್ಬರೂ ಸೇರಿ ಪದ್ಯ ಕಟ್ಟುತ್ತಿದ್ದೆವು. ಒಂದು ಸಾಲು ನನ್ನದು, ಒಂದು ಅವಳದು. ಅವಳು ಹೋದ ಮೇಲೂ ಬರೆಯಲು ಕೂರುತ್ತಿದ್ದೆ. ಅವಳ ಸಾಲಿಗೆ ಕಾಯುತ್ತಾ ಕಾಯುತ್ತಾ ನನ್ನ ಸಾಲೂ ಹುಟ್ಟದೆ ಹೋಯಿತು.

ಎಚ್ಚರವಾದಾಗ ಮಕ್ಕಳು ಗೋಡೆಗೊತ್ತಿಕೊಂಡು ನಿಂತಿದ್ದರು. ನನ್ನ ಕೈಯಲ್ಲಿ ಸೀಮೆಸುಣ್ಣ. ಬೋರ್ಡಿನ ಮೇಲೆ ನಾನು ಬರೆದ ನೆನಪೇ ಇಲ್ಲದ ಸಾಲು: "ನೀರೊಳಗೆ ದೀಪ ಹಚ್ಚಿ ಕೂತಿದ್ದೀನಿ, ಕದ ತೆಗಿ."

ಅವ್ವನೂ ನಾನೂ ಮೈಸೂರಿಗೆ ಹೋದೆವು. ತಲೆಗೆ ತಂತಿ ಅಂಟಿಸಿ ಇಇಜಿ ತೆಗೆದರು. ಹೊಸದಾಗಿ ಬಂದಿರುವ ಸಿ.ಟಿ. ಸ್ಕ್ಯಾನ್ ಕೂಡ. ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು ಬಿಳಿ ಚುಕ್ಕೆಯೊಂದನ್ನು ತೋರಿಸಿದರು.

"ಮೆದುಳಲ್ಲಿ ಇಲ್ಲೊಂದು ಸಣ್ಣ ಗಂಟಿದೆ. ಫಿಟ್ಸ್ ಬರ್ತಿರೋದು ಅದರಿಂದ. ವಾಸನೆ, ದನಿ ಎಲ್ಲಾ ಅದರದ್ದೇ. ಮಾತ್ರೆ ಒಂದು ಹೊತ್ತೂ ತಪ್ಪಿಸಬೇಡಿ."

"ದನಿ ನಿಂತುಹೋಗುತ್ತಾ ಡಾಕ್ಟ್ರೇ?"

"ನಿಲ್ಲಲೇಬೇಕಮ್ಮ," ಅಂತ ನಕ್ಕರು. ಪಕ್ಕದಲ್ಲಿದ್ದ ಅವ್ವ ನಗಲಿಲ್ಲ.

ಮಾತ್ರೆ ಕೊಡುವ ಕೆಲಸವನ್ನು ಅವ್ವನೇ ವಹಿಸಿಕೊಂಡಳು. ಫಿಟ್ಸ್ ಮಾತ್ರ ನಿಲ್ಲಲಿಲ್ಲ, ಹೆಚ್ಚಾಯಿತು. ಪ್ರತಿ ಸಲ ಎಚ್ಚರವಾದಾಗಲೂ ಅವ್ವ ನನ್ನ ಮುಖದ ಮೇಲೆ ಬಗ್ಗಿರುತ್ತಿದ್ದಳು. ಕಣ್ಣು ಒದ್ದೆ, ಮುಖದಲ್ಲಿ ಅದೇನೋ ಸಂತೋಷ. ಒಂದು ಮಧ್ಯಾಹ್ನ ಪೂರ್ತಿ ಎಚ್ಚರವಾಗುವ ಮುಂಚೆಯೇ ಅವಳ ಮಾತು ಕಿವಿಗೆ ಬಿತ್ತು.

"ಕೂಸು ಹಾಲು ಕುಡೀತದಾ ನಾಗು?"

"ಕುಡೀತದೆ ಕಣವ್ವ."

ಹೇಳಿದ್ದು ನನ್ನ ಬಾಯಿ.

ಆಮೇಲೆ ಅವ್ವನನ್ನು ಕೂರಿಸಿಕೊಂಡು ಕೇಳಿದೆ. ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. "ಆ ಗುಳ್ಗೆ ಕೊಟ್ರೆ ಅವ್ಳು ಬರಾಕಿಲ್ಲ ಕಣವ್ವ. ಬರೀ ಬಿ ಕಾಂಪ್ಲೆಕ್ಸ್ ಕೊಡ್ತಿದ್ದೆ." ನಾನು ಬೈಯಲಿಲ್ಲ. ಅವ್ವನಿಗೆ ಮಗಳು ಬೇಕಿತ್ತು, ನನಗೆ ಮುಂದಿನ ಸಾಲು. ನಾವಿಬ್ಬರೂ ಆ ಮಾತನ್ನು ಅಲ್ಲಿಗೇ ಬಿಟ್ಟೆವು; ಬಿ ಕಾಂಪ್ಲೆಕ್ಸೇ ಮುಂದುವರಿಯಿತು.

ಅದಾದ ಕೆಲವೇ ದಿನಕ್ಕೆ ತೊಣ್ಣೂರಿನ ನೆಂಟರ ಮನೆಗೆ ಹೋಗಿದ್ದೆವು. ಬಿಸಿಲು ಚೆನ್ನಾಗಿತ್ತು. ಕೆರೆ ಏರಿಯ ಮೇಲೆ ನಡೆಯುತ್ತಿದ್ದಾಗ ಮತ್ತೆ ಬೆಲ್ಲದ ವಾಸನೆ.

ತಿಳಿವು ಬಂದಾಗ ಎದೆಮಟ್ಟ ನೀರಿನಲ್ಲಿದ್ದೆ.

ಈಜು ಬಾರದ ಅವ್ವ ನನ್ನ ಜಡೆ ಹಿಡಿದು ಎಳೆಯುತ್ತಿದ್ದಳು. ನನ್ನ ಕಡೆ ನೋಡುತ್ತಿರಲಿಲ್ಲ. ನೀರಿನ ಕಡೆ ನೋಡಿಕೊಂಡು ಕೂಗುತ್ತಿದ್ದಳು: "ನಾಗೂ, ಇವ್ಳ ಬುಟ್ಬುಡವ್ವ. ಇವಳೊಬ್ಳಾದ್ರೂ ನಂಗಿರ್ಲಿ."

ದಡಕ್ಕೆ ಬಂದು ಸೊಂಟದ ಚೀಲ ಬಿಚ್ಚಿದಳು. ನಿಜವಾದ ಮಾತ್ರೆ ಅಷ್ಟು ದಿನವೂ ಅಲ್ಲೇ ಇತ್ತು. ನನ್ನ ಬಾಯಿಗೆ ತುರುಕಿ, "ನುಂಗು" ಅಂದಳು.

ಅಂದಿನಿಂದ ಮಾತ್ರೆ ತಪ್ಪಿಲ್ಲ. ಅದರಿಂದ ಒಸಡು ಊದಿಕೊಂಡಿದೆ, ಬೆಳಿಗ್ಗೆ ಕೈ ನಡುಗುತ್ತದೆ, ಪಾಠದ ನಡುವೆ ತೂಕಡಿಕೆ ಬರುತ್ತದೆ. ನಾಗು ಬಂದಿಲ್ಲ. ಬದುಕಿದ್ದೇನೆ ಅನ್ನುವ ಸಮಾಧಾನದ ಜೊತೆಗೇ, ಅವಳನ್ನು ಎರಡನೇ ಸಲ ಕಳೆದುಕೊಂಡ ಸಂಕಟವೂ ಇದೆ. ಅವ್ವನಿಗೂ ಅದೇ ಸಂಕಟ, ಬಾಯಿಬಿಟ್ಟು ಹೇಳುವುದಿಲ್ಲ. ನಾನೂ ಕೇಳುವುದಿಲ್ಲ.

ಮೊನ್ನೆ ಎರಡು ಸಾಲು ಬರೆದೆ. ಹಿತ್ತಲಲ್ಲಿ ಒಣಗುತ್ತಿದ್ದ ಬಟ್ಟೆಯ ಬಗ್ಗೆ. ಅಂಥ ದೊಡ್ಡ ಸಾಲೇನಲ್ಲ. ಅವ್ವನಿಗೆ ಓದಿ ಹೇಳಿದೆ.

"ಯಾರ್ದು?" ಅಂದಳು.

"ಎರಡೂ ನಂದೇ ಕಣವ್ವ."

ಹತ್ತಿರ ಬಂದು ಕೂತಳು.

"ಇನ್ನೊಂದ್ಸಲ ಓದು."