ಓಟಿಲ್ಲದ ಬಂಗಾರೆವ್ವ ಓಟಿಗೆ ಕರೆದಾಗ

ನವೆಂಬರ್ ತಿಂಗಳ ಮೊದಲ ಮಂಗಳವಾರ. ಕೊಲ್ಲಿಯ ಮಂಜು ಇನ್ನೂ ಬೀದಿದೀಪಗಳನ್ನು ಬಿಟ್ಟಿಲ್ಲ. ಕ್ಯಾಲಿಫೋರ್ನಿಯಾದ ಯೂನಿಯನ್ ಸಿಟಿಗೆ ಅಂಟಿಕೊಂಡ ಪುಟ್ಟ ಊರೊಂದರ ಅಪಾರ್ಟ್‌ಮೆಂಟಿನ ಮುಂದೆ ಹಳೆಯ ಮಿನಿವ್ಯಾನು ಬಂದು ನಿಲ್ಲುತ್ತದೆ. ಇಳಕಲ್ ಸೀರೆ, ಅದರ ಮೇಲೆ ಮಗಳ ಡಾಟ್‌ಕಾಮ್ ಕಂಪನಿ ಹಂಚಿದ ಜಾಕೆಟ್ಟು, ಕಾಲಿಗೆ ಬಿಳಿ ಬೂಟು. ಇಳಿದವರು ಗದಗಿನ ಬಂಗಾರೆವ್ವ. ವಯಸ್ಸು ಅರವತ್ತರ ಹತ್ತಿರ, ನಡಿಗೆ ಮೂವತ್ತರದು. ಹಿಂದಿನ ಸೀಟಿನಲ್ಲಿ ಆಗಲೇ ಮೂವರು ಹೆಂಗಸರು ಕುಳಿತಿದ್ದಾರೆ. ನಾಲ್ಕನೆಯವರಾದ ಮಂಡ್ಯದ ಕೆಂಪಮ್ಮ ಮಾತ್ರ ಬಾಗಿಲು ಹಿಡಿದು ನಿಂತಿದ್ದಾರೆ. ಪೌರತ್ವ ಸಿಕ್ಕು ವರ್ಷಗಳಾದರೂ ಅವರು ಮತಗಟ್ಟೆಯ ಮುಖ ಕಂಡವರಲ್ಲ.

"ನಮ್ಮನ್ನ ಅಲ್ಲಿ ಯಾರ್ ಕೇಳಾರು ಕಣವ್ವ?" ಎನ್ನುತ್ತಾರೆ ಕೆಂಪಮ್ಮ.

"ನಾ ಕೇಳಾಕ ಬಂದೀನಲ್ರಿ. ಚಾಳೀಸ ತಗೊಳ್ರಿ, ನಡೀರಿ."

ಕೆಂಪಮ್ಮ ಸೆರಗು ಸರಿಮಾಡಿಕೊಂಡು ಗಾಡಿ ಹತ್ತುತ್ತಾರೆ. ತಮಾಷೆಯೆಂದರೆ, ಊರಿನ ಹೆಂಗಸರನ್ನೆಲ್ಲ ಮತಗಟ್ಟೆಗೆ ಕರೆದೊಯ್ಯುತ್ತಿರುವ ಬಂಗಾರೆವ್ವನಿಗೇ ಮತವಿಲ್ಲ. ಈ ದೇಶಕ್ಕೆ ಬಂದು ಮೂರು ವರ್ಷ. ಗ್ರೀನ್ ಕಾರ್ಡು ಇದೆ, ಪೌರತ್ವಕ್ಕೆ ಇನ್ನೆರಡು ವರ್ಷ ಕಾಯಬೇಕು.

ಅವರ ಕಸುಬು ಡೇಕೇರು. ಮಗಳು ನಿವೇದಿತಾಳ ಮನೆಯ ಕೆಳಅಂತಸ್ತಿನಲ್ಲಿ ಹತ್ತು ಹನ್ನೆರಡು ಮಕ್ಕಳನ್ನು ನೋಡಿಕೊಳ್ಳುತ್ತಾರೆ. ಅಪ್ಪ ಅಮ್ಮಂದಿರೆಲ್ಲ ಸೇತುವೆಯಾಚೆಯ ಸ್ಟಾರ್ಟಪ್ಪುಗಳಲ್ಲಿ ಷೇರಿನ ಕನಸು ಕಾಣುತ್ತಾ ದುಡಿಯುವವರು. ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತರಾದ ಗಂಡ ಸಿದ್ರಾಮಪ್ಪ ಇಲ್ಲಿ ಮೊಸರನ್ನ ಕಲಸುವ ಇಲಾಖೆಗೆ ಬಡ್ತಿ ಪಡೆದಿದ್ದಾರೆ. ಮಕ್ಕಳಿಗೆ ಬಂಗಾರೆವ್ವನ ಮಾತು ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಬೈಗುಳ ಎರಡೂ ಕಡೆಗೆ ಅರ್ಥವಾಗುವುದರಿಂದ ವ್ಯವಹಾರ ಸುಸೂತ್ರವಾಗಿ ನಡೆದಿದೆ.

ಇದಕ್ಕೇ ಈ ಬೇಸಿಗೆಯಲ್ಲಿ ಕುತ್ತು ಬಂದಿದೆ. ಮನೆಯಲ್ಲಿ ನಡೆಸುವ ಡೇಕೇರಿನಲ್ಲಿ ಆರಕ್ಕಿಂತ ಹೆಚ್ಚು ಮಕ್ಕಳು ಇರಕೂಡದೆಂಬ ನಿಯಮವನ್ನು ಊರಿನ ಕೌನ್ಸಿಲ್ಲು ತರಲು ಹೊರಟಿದೆ. ಆರು ಮಕ್ಕಳಿಂದ ಖರ್ಚು ಹುಟ್ಟದು; ನಿಯಮ ಬಂದರೆ ಬಂಗಾರೆವ್ವನ ಡೇಕೇರಿನ ಬಾಗಿಲು ಮುಚ್ಚಬೇಕಾಗುತ್ತದೆ. ಕೌನ್ಸಿಲ್ಲಿನ ಒಂದೇ ಒಂದು ಸೀಟು ಬದಲಾದರೆ ನಿಯಮ ಬಿದ್ದುಹೋಗುತ್ತದೆ. ನಿಯಮವನ್ನು ವಿರೋಧಿಸಿ ಆ ಸೀಟಿಗೆ ನಿಂತವರು ಲೋಯಿಸ್ ಎಂಬ ನಿವೃತ್ತ ನರ್ಸು. ಅವರ ಬೆನ್ನಿಗಿರುವುದು ಸಂಪ್ರದಾಯವಾದಿ ಪಕ್ಷದ ಊರ ಮಹಿಳಾ ಕ್ಲಬ್ಬು. ಕ್ಯಾಲಿಫೋರ್ನಿಯಾದ ಈ ಭಾಗದಲ್ಲಿ ಆ ಪಕ್ಷಕ್ಕೆ ಗಾಳಿಯೇ ಇಲ್ಲ. ಕ್ಲಬ್ಬೆಂದರೆ ಅಧ್ಯಕ್ಷೆ ಡೊರೊತಿಯ ಗ್ಯಾರೇಜಿನಲ್ಲಿ ಗುರುವಾರ ಸೇರುವ ಒಂದು ಹಿಡಿ ಅಜ್ಜಿಯಂದಿರು.

ಬಂಗಾರೆವ್ವ ಆ ಗ್ಯಾರೇಜಿಗೆ ತಾವಾಗಿಯೇ ಹೋದರು. "ನನ್ನ ಮನ್ಯಾಗ ಎಷ್ಟು ಕೂಸು ಆಡಬೇಕು ಅನ್ನೂದನ್ನ ನಾ ಹೇಳಬೇಕ್ರಿ, ಸಿಟಿ ಹಾಲ್ ಹೇಳಬಾರದು. ಈ ಅಜ್ಜಿಗೋಳೂ ಅದನ್ನ ಹೇಳತಿದ್ರು. ಅದಕ್ಕ ಕೂಡಿದೆ" ಎನ್ನುತ್ತಾರೆ. ಅವರ ರಾಜಕೀಯ ಸಿದ್ಧಾಂತ ಪೂರ್ತಿ ಇಷ್ಟೇ. ಹಲವು ಪಂಡಿತರದು ಇದಕ್ಕಿಂತ ಉದ್ದ, ಆದರೆ ಇಷ್ಟು ಗಟ್ಟಿಯಿಲ್ಲ.

ಮೊದಲ ವಾರವೇ ಎಡವಟ್ಟಾಯಿತು. ಮನೆಮನೆಗೆ ಕೊಡಲು ಲೋಯಿಸ್ ಅವರ ಪ್ರಚಾರಪತ್ರಗಳ ದೊಡ್ಡ ಕಟ್ಟನ್ನು ಕ್ಲಬ್ಬಿನವರು ಕೊಟ್ಟರು. ಬಾಗಿಲಿಗೆ ಹೋಗಿ ಕರೆಯುವ ಪತ್ರಕ್ಕೆ ಅರಿಶಿನ ಹಚ್ಚದೆ ಕೊಡುವುದುಂಟೇ? ಬಂಗಾರೆವ್ವ ಅಡುಗೆಮನೆಯಲ್ಲಿ ಕೂತು, ಲಗ್ನಪತ್ರಿಕೆಗೆ ಹಚ್ಚುವಂತೆ ಒಂದೊಂದರ ನಾಲ್ಕೂ ಮೂಲೆಗೆ ಅರಿಶಿನದ ನೀರು ಹಚ್ಚಿ, ಆರಿಸಿ, ಹಂಚಿಬಂದರು. ಮರುದಿನ ಕ್ಲಬ್ಬಿನ ಫೋನು ಬಡಿದುಕೊಂಡಿತು. ಕಾಗದದ ಮೇಲೆ ಹಳದಿ ಸಾಸಿವೆ ಸಾಸು ಚೆಲ್ಲಿದವರು ಯಾರೆಂದು ಒಬ್ಬರು, ಇಷ್ಟು ಗಲೀಜು ಮಾಡುವವರು ಊರನ್ನೇನು ಆಳುತ್ತಾರೆಂದು ಇನ್ನೊಬ್ಬರು.

ಗುರುವಾರದ ಸಭೆಯಲ್ಲಿ ಕಾರ್ಯದರ್ಶಿನಿ ಖಡಾಖಂಡಿತವಾಗಿ ಹೇಳಿದರು: ಈ ಹೆಂಗಸನ್ನು ಮನೆಮನೆಗೆ ಕಳಿಸುವುದು ಬೇಡ. ಹೇಗೂ ಅವರಿಗೆ ಮತವಿಲ್ಲ, ಮತ ಕೇಳುವ ಹಕ್ಕು ಎಲ್ಲಿಂದ ಬಂತು? ಬಂಗಾರೆವ್ವನಿಗೆ ಇಂಗ್ಲಿಷು ಅರ್ಧಂಬರ್ಧ, ಆದರೆ ಆ ಮಾತು ಪೂರ್ತಿ ತಿಳಿಯಿತು. "ಕಣ್ಣಾಗ ನೀರು ಬಂತ್ರಿ. ಅಳಲಿಲ್ಲ, ನುಂಗಿದೆ" ಎನ್ನುತ್ತಾರೆ.

ಆಗ ಎದ್ದು ನಿಂತವರು ಡೊರೊತಿ. ಅವರ ಅಜ್ಜಿ ಇಂಗ್ಲೆಂಡಿನವರು, ವಿಕ್ಟೋರಿಯಾ ರಾಣಿಯ ಕಾಲದವರು. ಅಲ್ಲಿನ ಸಂಪ್ರದಾಯವಾದಿ ಪಕ್ಷಕ್ಕಾಗಿ ಊರೂರಲ್ಲಿ ದುಡಿಯುತ್ತಿದ್ದ, ಹಳದಿ ಹೂವೊಂದರ ಹೆಸರು ಹೊತ್ತ ಪ್ರಿಮ್‌ರೋಸ್ ಲೀಗ್ ಎಂಬ ಸಂಘದ ಸದಸ್ಯೆ. ಕೂಲಿ ಕೊಟ್ಟು ಮತ ಕೇಳಿಸುವುದಕ್ಕೆ ಕಾನೂನು ಕಡಿವಾಣ ಹಾಕಿದ ಕಾಲವದು. ಪಕ್ಷದ ಗಂಡಸರು ಕೈಕೈ ಹಿಸುಕಿಕೊಳ್ಳುತ್ತಿದ್ದಾಗ ಮನೆಯಿಂದ ಹೊರಬಂದವರು ಹೆಂಗಸರು. ಟೀ ಕೂಟ ನಡೆಸಿದರು, ಸೈಕಲ್ಲು ತುಳಿದು ಹಳ್ಳಿಗಳಿಗೆ ಹೋದರು, ಮತದಾನದ ದಿನ ತಮ್ಮ ಕುದುರೆಗಾಡಿ ಕಳಿಸಿ ಮತದಾರರನ್ನು ಕರೆತಂದರು. ಪಾರ್ಲಿಮೆಂಟಿನ ಚುನಾವಣೆಯಲ್ಲಿ ಅವರಲ್ಲೊಬ್ಬರಿಗೂ ಮತವಿರಲಿಲ್ಲ.

"ನನ್ನಜ್ಜಿ ಎದೆಗೆ ಹಳದಿ ಹೂ ಸಿಕ್ಕಿಸಿಕೊಂಡು ಬಾಗಿಲು ತಟ್ಟುತ್ತಿದ್ದಳು. ಇವಳು ಕಾಗದಕ್ಕೆ ಹಳದಿ ಹಚ್ಚಿಕೊಂಡು ತಟ್ಟಿದ್ದಾಳೆ. ಮತವಿಲ್ಲದ ಹೆಂಗಸರೇ ಪಕ್ಷ ಗೆಲ್ಲಿಸಿದ ಪರಂಪರೆ ನಮ್ಮದು, ನೆನಪಿರಲಿ" ಎಂದರು ಡೊರೊತಿ. ಕಾರ್ಯದರ್ಶಿನಿ ಬಿಸ್ಕತ್ತಿನ ತಟ್ಟೆಯನ್ನು ಬಂಗಾರೆವ್ವನ ಕಡೆ ಸರಿಸಿದರು. ರಾಜಿಯೆಂದರೆ ಇದೇ.

ಅರಿಶಿನದ ನಿಜವಾದ ಫಲ ಆಮೇಲೆ ಗೊತ್ತಾಯಿತು. ಉಳಿದವರು ಕೊಟ್ಟ ಪತ್ರಗಳು ಕಸದ ಡಬ್ಬಿ ಸೇರಿದ್ದವು. ನಮ್ಮವರ ಮನೆಗಳಲ್ಲಿ ಅರಿಶಿನ ಹಚ್ಚಿದ ಕಾಗದವನ್ನು ಎಸೆಯುವ ಧೈರ್ಯ ಯಾರಿಗಿದೆ? ರಾಣೆಬೆನ್ನೂರಿನ ಕುಬೇರಪ್ಪ ಅಂಥವರಲ್ಲೊಬ್ಬರು. ಪತ್ರವನ್ನು ಓದದೆಯೇ ದೇವರ ಮುಂದಿಟ್ಟು ಬಂಗಾರೆವ್ವನಿಗೆ ಫೋನು ಮಾಡಿದರು.

"ಯಾರ ಮದುವೀರಿ ಯವ್ವಾ? ಮುಹೂರ್ತ ಎಂದೈತಿ?"

"ಮಂಗಳವಾರರಿ. ಮುಂಜಾನೆ ಏಳರಿಂದ ರಾತ್ರಿ ಎಂಟರ ತನಕ. ಮನಿಮಂದಿ ಎಲ್ಲಾ ಬರ್ರಿ, ಉಡುಗೊರಿ ತರಬ್ಯಾಡ್ರಿ."

ಆ ಮಾತು ಬಾಯಿಂದ ಬಾಯಿಗೆ ಹರಡಿತು. ಪೌರರಾಗಿಯೂ ಮತಗಟ್ಟೆಯತ್ತ ಸುಳಿಯದ ಮನೆಗಳು ಎಷ್ಟಿವೆಯೆಂದು ಆಗ ತಿಳಿಯಿತು. ಒಂದೊಂದಕ್ಕೂ ಬಂಗಾರೆವ್ವ ಹೋದರು. ಕೂತರು, ನೀರು ಕುಡಿದರು, ಮೊಮ್ಮಕ್ಕಳ ಹೆಸರು ಕೇಳಿದರು, ಏಳುವಾಗಷ್ಟೇ ಬಂದ ಕೆಲಸ ಹೇಳಿದರು. ಡೇಕೇರಿಗೆ ಮಗು ಬಿಡುವ ಬೆಂಗಳೂರಿನ ಸಾಗರ್ ನಗುತ್ತಾರೆ: "ನಮ್ ವೀಸಾದವ್ರಿಗೆ ಓಟಿಲ್ಲ, ಆಂಟಿಗೂ ಇಲ್ಲ. ಆದ್ರೆ ಆಂಟಿ ಮಾಡಿದ ನೆಟ್‌ವರ್ಕು ನಮ್ ಕಂಪ್ನಿ ಕೈಲೂ ಆಗಿಲ್ಲ ಸಾರ್."

ಮಂಗಳವಾರ ಮಿನಿವ್ಯಾನು ಬೆಳಗಿನಿಂದ ಸಂಜೆವರೆಗೆ ನಿಲ್ಲುವುದಿಲ್ಲ. ಮಕ್ಕಳನ್ನು ನೋಡಿಕೊಳ್ಳಲು ನಿವೇದಿತಾ ರಜೆ ಹಾಕಿದ್ದಾಳೆ. ಮತಗಟ್ಟೆಯಾದ ಶಾಲೆಯ ಮುಂದೆ ಸೀರೆಗಳ ಸಾಲು ಕಂಡು ಕಾವಲಿನವರು ಏನು ಹಬ್ಬವೆಂದು ಕೇಳುತ್ತಾರೆ. ಮತ ಹಾಕಿ ಹೊರಬಂದ ಕೆಂಪಮ್ಮ ಎದೆ ಮುಂದೆ ಮಾಡಿಕೊಂಡು ನಡೆಯುತ್ತಾರೆ. "ನನ್ ಹೆಸ್ರು ಕೂಗಿ ಕರುದ್ರು ಕಣವ್ವ" ಎಂದು ಗಾಡಿಯಲ್ಲಿದ್ದವರಿಗೆಲ್ಲ ಹೇಳುತ್ತಾರೆ. ಬಂಗಾರೆವ್ವ ಬಾಗಿಲಾಚೆ, ಗಾಡಿಯ ಪಕ್ಕ ನಿಂತೇ ಇರುತ್ತಾರೆ. ಒಳಗೆ ಅವರಿಗೆ ಕೆಲಸವಿಲ್ಲ.

ಬುಧವಾರ ಬೆಳಿಗ್ಗೆ ಮಕ್ಕಳಿಗೆ ಉಪ್ಪಿಟ್ಟು ತಿನ್ನಿಸುವ ಹೊತ್ತಿಗೆ ಡೊರೊತಿಯ ಕಾರು ಬರುತ್ತದೆ. ಲೋಯಿಸ್ ಗೆದ್ದಿದ್ದಾರೆ. ಅಂತರ ಬಹಳವೇನಲ್ಲ, ಮಿನಿವ್ಯಾನು ಹೊತ್ತು ತಂದಷ್ಟು. ಡೇಕೇರಿನ ನಿಯಮ ಸತ್ತಂತೆಯೇ. ಡೊರೊತಿ ಸೀದಾ ಅಡುಗೆಮನೆಗೆ ನುಗ್ಗಿ, ಮತವಿರುವ ಸದಸ್ಯೆಯರಿಗಷ್ಟೇ ಕೊಡುವ ಕ್ಲಬ್ಬಿನ ಬಿಲ್ಲೆಯನ್ನು ಬಂಗಾರೆವ್ವನ ಸೆರಗಿಗೆ ಚುಚ್ಚುತ್ತಾರೆ. ಸಿದ್ರಾಮಪ್ಪ ಸೌಟು ಹಿಡಿದೇ ಚಪ್ಪಾಳೆ ತಟ್ಟಲು ಹೋಗಿ ಅರ್ಧ ಉಪ್ಪಿಟ್ಟು ನೆಲದ ಪಾಲಾಗುತ್ತದೆ. ಮಕ್ಕಳಿಗಂತೂ ಅದೇ ನಿಜವಾದ ವಿಜಯೋತ್ಸವ.

ಇಷ್ಟು ಜನರನ್ನು ಒಳಗೆ ಕಳಿಸಿ ತಾವು ಹೊರಗೇ ನಿಂತದ್ದಕ್ಕೆ ಬೇಸರವಾಗಲಿಲ್ಲವೇ ಎಂದು ಕೇಳಿದರೆ ಬಂಗಾರೆವ್ವ ಒಂದು ಕೂಸಿನ ಬಾಯಿ ಒರೆಸಿ, ಬಿಲ್ಲೆಯನ್ನು ನೆಟ್ಟಗೆ ಮಾಡಿಕೊಳ್ಳುತ್ತಾರೆ.

"ಆತ್ರಿ, ಯಾಕ ಸುಳ್ಳ ಹೇಳ್ಲಿ. ಎರಡ ವರ್ಷಕ್ಕ ನನಗೂ ಓಟು ಬರತೈತಿ. ಅವತ್ತ ಯಾರರೆ ಒಬ್ಬಾಕಿ ನಮ್ಮ ಬಾಗಲಕ ಬಂದು, 'ಬಂಗಾರೆವ್ವ, ನಡೀರಿ' ಅನ್ಬೇಕು. ಊರ ಮಂದೀನೆಲ್ಲಾ ಕರದಾಕಿ ನಾನು. ಕರೀಲಾರದ ನಾ ಹೋಗೂದಿಲ್ಲ."